ಅಂಡ್ ಮೈ ಸಾಹೇಬರು

ಗಫೂರ್ ಸಾಹೇಬರು ಒಂದೇ ದಿನದಲ್ಲಿ ತಹಸೀಲ್ದಾರರೂ ಆಗುತ್ತಿದ್ದರು, ಬ್ಯಾಂಕ್ ಮ್ಯಾನೇಜರೂ ಆಗುತ್ತಿದ್ದರು, ಸಂಜೆಯ ಹೊತ್ತಿಗೆ ಯಾರದೋ ಮನೆಯ ಮುನಿಸಿಕೊಂಡ ಅತ್ತೆಯೂ ಆಗಿಬಿಡುತ್ತಿದ್ದರು. ಇಷ್ಟೆಲ್ಲ ಆಗಲು ಅವರಿಗೆ ಬೇಕಾಗಿದ್ದದ್ದು ಒಂದು ಬೆತ್ತದ ಕುರ್ಚಿ ಮಾತ್ರ. ಅದರ ಎಡಗೈ ಮುರಿದಿತ್ತು. ಅದರಲ್ಲಿ ಕುಳಿತು, ಕನ್ನಡಕ ಹಣೆಗೇರಿಸಿ, ಕಾಲ ಮೇಲೆ ಕಾಲು ಹಾಕಿ, "ಹ್ಞೂಂ, ಓದಪ್ಪ. ನಾನೀಗ ತಹಸೀಲ್ದಾರ" ಅನ್ನುತ್ತಿದ್ದರು. ಎದುರಿಗೆ ನಿಂತವರು ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ತುಮಕೂರಿನ ಮಂಡಿಪೇಟೆಯಲ್ಲಿ ಒಂದು ಬೆಲ್ಲದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು, ಅದರ ಹಿಂದಿನ ಕೋಣೆಗಳಲ್ಲೇ ಮನೆ. ಏಳು ಮಿಷನ್ನುಗಳು. ಬೆಳಗ್ಗೆ ಹುಡುಗ ಹುಡುಗಿಯರು ಜೂನಿಯರ್, ಸೀನಿಯರ್ ಪರೀಕ್ಷೆಗೆಂದು ಕುಟ್ಟುತ್ತಿದ್ದರು. ಹನ್ನೊಂದು ಗಂಟೆಯ ಮೇಲೆ ಊರಿನವರು ಬರುತ್ತಿದ್ದರು, ಇಂಗ್ಲಿಷಿನಲ್ಲಿ ಕಾಗದ ಬರೆಸಿಕೊಳ್ಳಲು. ರಜಾ ಅರ್ಜಿ, ವರ್ಗಾವಣೆಯ ಅರ್ಜಿ, ಪಿಂಚಣಿ ಬಂದಿಲ್ಲವೆಂಬ ಅರ್ಜಿ. ಆ ಕಾಲಕ್ಕೆ, ಅಂದರೆ ಎಪ್ಪತ್ತರ ದಶಕದ ನಡುವಿನಲ್ಲಿ, ಇಂಗ್ಲಿಷಿನಲ್ಲಿ ಟೈಪಾಗಿ ಬಂದ ಕಾಗದವನ್ನು ಮೇಜಿನ ಮೇಲೆ ಇಡುತ್ತಾರೆ, ಕನ್ನಡದ್ದನ್ನು ಮೇಜಿನ ಕೆಳಗೆ ಹಾಕುತ್ತಾರೆ ಎಂಬ ನಂಬಿಕೆ ಜನರಲ್ಲಿತ್ತು.

ಸಾಹೇಬರ ಪದ್ಧತಿ ಒಂದೇ. ಕಾಗದದ ಕರಡು ಇಂಗ್ಲಿಷಿನಲ್ಲಿ ಸಿದ್ಧವಾದ ಮೇಲೆ ಅದನ್ನು ಯಾರಿಗೆ ಕಳಿಸಬೇಕೋ ಅವರಾಗಿ ತಾವು ಕುರ್ಚಿಯಲ್ಲಿ ಕೂರುತ್ತಿದ್ದರು. ಬರೆದವರು ಅದನ್ನು ಕನ್ನಡದಲ್ಲಿ ಅವರ ಮುಖ ನೋಡಿಕೊಂಡು ಓದಿ ಹೇಳಬೇಕು. ಹೇಳಲು ನಾಚಿಕೆಯಾಗುವ ಮಾತಿದ್ದರೆ ತೆಗೆಯಬೇಕು, ಕೇಳಲು ನೋವಾಗುವ ಮಾತಿದ್ದರೆ ಬದಲಾಯಿಸಬೇಕು. ಎಲ್ಲ ಸರಿ ಅನ್ನಿಸಿದ ಮೇಲೆ, "ಸಾಕು. ಟೈಪ್ ಮಾಡ್ಬೋದು" ಅನ್ನುತ್ತಿದ್ದರು. ಆ ಎರಡು ಮಾತು ಬೀಳದೆ ಅವರ ಇನ್‌ಸ್ಟಿಟ್ಯೂಟಿನಿಂದ ಒಂದು ಕಾಗದವೂ ಕೆಳಗಿಳಿಯುತ್ತಿರಲಿಲ್ಲ.

ನಾನು ಗುಬ್ಬಿಯವನು. ಅಪ್ಪನದು ದರ್ಜಿ ಅಂಗಡಿ. ಬಿ.ಎ.ಯಲ್ಲಿ ಇಂಗ್ಲಿಷ್ ತೆಗೆದುಕೊಂಡು ಮೂರನೆಯ ದರ್ಜೆಯಲ್ಲಿ ಪಾಸಾಗಿದ್ದೆ. ಗುಬ್ಬಿಯಲ್ಲಿ ನನ್ನ ಇಂಗ್ಲಿಷಿಗೆ ಎದುರಾಳಿಯೇ ಇರಲಿಲ್ಲ, ಯಾಕೆಂದರೆ ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ. ಕೆಲಸ ಸಿಗುವವರೆಗೆ ಕೈಗೊಂದು ವಿದ್ಯೆ ಇರಲಿ ಎಂದು ಸಾಹೇಬರ ಹತ್ತಿರ ಟೈಪಿಂಗ್ ಕಲಿತೆ. ಸೀನಿಯರ್ ಪಾಸಾದರೂ ಕೆಲಸ ಸಿಗದ ಕಾರಣ ಅವರ ಹತ್ತಿರವೇ ಕರಡು ಬರೆದುಕೊಡುವ ಸಹಾಯಕನಾಗಿ ಉಳಿದೆ. ಅವರು ನನ್ನನ್ನು ರುದ್ರೇಶ ಎಂದು ಹೆಸರು ಹಿಡಿದು ಎಂದೂ ಕರೆಯಲಿಲ್ಲ. "ಏನಪ್ಪಾ ಬಿಯೇ" ಎಂದೇ ಕರೆಯುತ್ತಿದ್ದರು. ನಾನು ಅದನ್ನು ಗೌರವ ಎಂದು ತಿಳಿದುಕೊಂಡಿದ್ದೆ.

ಸಾಹೇಬರು ಓದಿದ್ದು ಏಳನೆಯ ತರಗತಿ. ಅವರ ಇಂಗ್ಲಿಷಿಗೆ ಒಂದು ಗೀಳಿತ್ತು. 'ಮೈ ಫಾದರ್ ಅಂಡ್ ಮದರ್' ಎಂದು ನಾನು ಬರೆದರೆ ಅವರು ತಡೆದು, "ಅಂಡ್ ಮೈ ಮದರ್" ಎನ್ನುತ್ತಿದ್ದರು. 'ಯುವರ್ ಲೆಟರ್ ಅಂಡ್ ಆರ್ಡರ್' ಎಂದರೆ "ಅಂಡ್ ಯುವರ್ ಆರ್ಡರ್." 'ಅಂಡ್' ಬಂತೆಂದರೆ ಅದರ ಬೆನ್ನಿಗೆ ಯಾರದು ಎಂದು ಹೇಳುವ ಮಾತು ಬರಲೇಬೇಕು. ಇದರಿಂದಾಗಿ ಮಂಡಿಪೇಟೆಯವರೆಲ್ಲ ಅವರನ್ನು ಹಿಂದಿನಿಂದ 'ಅಂಡ್ ಮೈ ಸಾಹೇಬ್ರು' ಎನ್ನುತ್ತಿದ್ದರು. ಹೆಸರಿಟ್ಟವನು ನಾನೇ ಎಂದು ಹೇಳಿಕೊಳ್ಳಲು ಈಗ ಹೆಮ್ಮೆಯಿಲ್ಲ, ಆಗ ಇತ್ತು.

"ದಿನಬಳಕೆಯ ಇಂಗ್ಲಿಷಲ್ಲಿ ಒಂದು 'ಮೈ' ಇಬ್ಬರಿಗೂ ಸಾಕು ಸಾಹೇಬ್ರೆ. ಇಂಗ್ಲಿಷ್‌ನೋರೇ ಹಾಗೆ ಮಾತಾಡೋದು" ಎಂದು ನಾನು ವಾದಿಸುತ್ತಿದ್ದೆ.

"ಸಾಕಿರಬೋದು ಕಣಪ್ಪ. ಪುಸ್ತಕದಲ್ಲಿ ತಪ್ಪಿಲ್ಲ, ಒಪ್ಕೊಂಡೆ. ಆದ್ರೆ 'ಅಂಡ್' ಅಂದ್ರೆ ಏನು? ಇನ್ನೊಬ್ರು ಬಾಗ್ಲಿಗೆ ಬಂದ್ರು ಅಂತ. ಬಂದೋರಿಗೆ ಅವರದೇ ಒಂದು ಚಾಪೆ ಹಾಸ್ಬೇಕು. ಮುಂಚೆ ಬಂದೋರ ಚಾಪೇಲೇ ಒಂಚೂರು ಸರ್ಕೊಂಡು ಕೂತ್ಕೊಳ್ಳಿ ಅನ್ಬಾರ್ದು."

ಉಪ್ಪಾರಹಳ್ಳಿಯ ರಂಗಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಡ್ರೈವರ್. ನಾಲ್ಕು ದಿನದ ರಜಕ್ಕೆ ಅರ್ಜಿ ಬರೆಸಲು ಬಂದ. ಮನೆಯಲ್ಲಿ ಹೆಂಡತಿಗೂ ಹುಷಾರಿಲ್ಲ, ಎಮ್ಮೆಗೂ ಹುಷಾರಿಲ್ಲ. ನಾನು 'ಮೈ ವೈಫ್ ಅಂಡ್ ಬಫೆಲೋ' ಎಂದು ಎರಡನ್ನೂ ಒಂದೇ ಏಟಿಗೆ ಮುಗಿಸಿದ್ದೆ. ಸಾಹೇಬರು ಅವನ ಮೇಲಧಿಕಾರಿ ಎಂಜಿನಿಯರ್ ಆಗಿ ಕುರ್ಚಿಯಲ್ಲಿ ಕುಳಿತು ಕೇಳಿದರು.

"ಏನಪ್ಪಾ ರಂಗಪ್ಪ, ಹೆಂಡ್ತಿಗೂ ಎಮ್ಮೆಗೂ ಸೇರಿ ಒಂದೇ 'ಮೈ' ಸಾಕಾ? ಮನೇಲಿ ಗೊತ್ತಾದ್ರೆ ಮುದ್ದೆ ಹಾಕ್ತಾರಾ?"

"ಎಮ್ಮೆ ನಂದಲ್ಲ ಸಾ. ನಮ್ಮತ್ತೇದು."

"ನಿಮ್ಮತ್ತೆ ಎಮ್ಮೆಗೆ ಹುಷಾರಿಲ್ದಿದ್ರೆ ಸರ್ಕಾರ ನಿನಗ್ಯಾಕಪ್ಪ ರಜ ಕೊಡ್ಬೇಕು?"

"ಅದುಕ್ಕೆ ಔಸ್ದಿ ಕುಡ್ಸೋನು ನಾನೇ ಸಾ. ಇನ್ಯಾರ್ ಮುಟ್ಟಿದ್ರೂ ಒದೀತದೆ."

ಸಾಹೇಬರು ನನ್ನ ಕಡೆ ತಿರುಗಿದರು. "ಬರ್ಕೊ ಬಿಯೇ. ಮೈ ವೈಫ್, ಅಂಡ್ ಹರ್ ಮದರ್ಸ್ ಬಫೆಲೋ. ಒದೆಯೋ ಸಮಾಚಾರಾನೂ ಹಾಕು." ಹಾಕಿದೆ. ಎಂಜಿನಿಯರು ಅದನ್ನೋದಿ ಬಿದ್ದು ಬಿದ್ದು ನಕ್ಕು ಎರಡು ದಿನ ಹೆಚ್ಚಿಗೆ ರಜ ಕೊಟ್ಟರಂತೆ. ರಂಗಪ್ಪ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದು ಸಾಹೇಬರಿಗೆ ಕೊಟ್ಟ. ಇಂಗ್ಲಿಷ್ ಬರೆದವನು ನಾನು, ಇಡ್ಲಿ ಸಿಕ್ಕಿದ್ದು ಅವರಿಗೆ ಎಂದು ನನಗೆ ಎರಡು ದಿನ ಹೊಟ್ಟೆಯುರಿ. ಮೂರು ಇಡ್ಲಿ ನಾನೇ ತಿಂದಿದ್ದೆ ಎಂಬುದು ಬೇರೆ ಮಾತು.

ಅವರಿಗೆ ಇನ್ನೊಂದು ಕಟ್ಟುನಿಟ್ಟಿತ್ತು. ತಪ್ಪು ಹೊಡೆದ ಅಕ್ಷರದ ಮೇಲೆ ಎಕ್ಸ್ ಎಕ್ಸ್ ಎಂದು ಕುಟ್ಟಿ ಮುಚ್ಚುವುದು ಟೈಪಿಸ್ಟುಗಳ ಸಾಮಾನ್ಯ ಚಾಳಿ. ಸಾಹೇಬರು ಅಂಥ ಹಾಳೆಯನ್ನು ಮುಲಾಜಿಲ್ಲದೆ ಹರಿದು ಹಾಕಿ, ಹೊಸದರಲ್ಲಿ ಮೊದಲಿನಿಂದ ಹೊಡೆಸುತ್ತಿದ್ದರು. "ಮುಚ್ಚಿದ ಮಾತು ಇದೆಯಲ್ಲ, ಅದನ್ನೇ ಜನ ಮೊದಲು ಓದೋದು" ಅನ್ನುತ್ತಿದ್ದರು. ನನಗೆ ಇದು ಹಾಳೆ ದಂಡ ಮಾಡುವ ಹುಚ್ಚಾಗಿ ಕಾಣುತ್ತಿತ್ತು.

ಇಷ್ಟರಲ್ಲಿ ನನಗೆ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನ ಕೆಲಸ ಗೊತ್ತಾಯಿತು. ಮುಂದಿನ ತಿಂಗಳು ಸೇರಬೇಕು. ಕೆಲಸ ಗೊತ್ತಾದ ಮೇಲೆ ಹೆಣ್ಣು ನೋಡುವುದೊಂದೇ ಬಾಕಿ. ಕುಣಿಗಲ್ಲಿನಲ್ಲಿ ಪಂಚಾಕ್ಷರಯ್ಯ ಎಂಬ ನಿವೃತ್ತ ಹೆಡ್‌ಮಾಸ್ತರರ ಮಗಳು, ಗಿರಿಜಾ. ಅಲ್ಲಿಯೇ ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಒಂದು ಭಾನುವಾರ ಅಪ್ಪನೂ ನಾನೂ ಹೋಗಿ ಉಪ್ಪಿಟ್ಟು, ಕೇಸರಿಬಾತು ತಿಂದು ಹೆಣ್ಣು ನೋಡಿಕೊಂಡು ಬಂದೆವು. ಉಪ್ಪಿಟ್ಟು ತಂದಿಟ್ಟವಳು ನನ್ನನ್ನು ನೇರವಾಗಿ ನೋಡಿ, "ಉಪ್ಪು ಸರಿಯಾಗಿದೆಯಾ?" ಎಂದು ಕೇಳಿದಳು. ಉಪ್ಪು ಕಡಿಮೆ ಇತ್ತು. "ಪರ್ಫೆಕ್ಟ್" ಅಂದೆ. ಆಕೆ ನಕ್ಕಳು. ಅಷ್ಟೇ, ನನ್ನ ಕಥೆ ಮುಗಿಯಿತು. ಗುಬ್ಬಿಗೆ ವಾಪಸು ಬರುವಷ್ಟರಲ್ಲಿ ಆಕೆಯಿಲ್ಲದೆ ಬದುಕಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೆ.

ಹೆಣ್ಣಿನ ಮನೆಯಲ್ಲಿ ಎಲ್ಲರೂ ಹೇಳುವಂತೆ ಅಪ್ಪ, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಹೇಳಿ ಬಂದಿದ್ದರು. ಒಂದು ಕಾರ್ಡಿನಲ್ಲಿ 'ಹುಡುಗಿ ಒಪ್ಪಿಗೆ' ಎಂದು ಎರಡು ಸಾಲು ಗೀಚಿದ್ದರೆ ಮುಗಿಯುತ್ತಿತ್ತು. ನಾನು ಬಿಡಲಿಲ್ಲ. "ಅವರು ಹೆಡ್‌ಮಾಸ್ತರು. ನಾನೇ ಇಂಗ್ಲಿಷಲ್ಲಿ ಬರೀತೀನಿ" ಎಂದೆ.

ಆದರೆ ಈ ಕಾಗದವನ್ನು ಸಾಹೇಬರಿಗೆ ತೋರಿಸುವುದು ಹೇಗೆ? ತೋರಿಸಿದರೆ ಅವರು ನನ್ನ ಮಾವನಾಗಿ ಬೆತ್ತದ ಕುರ್ಚಿಯಲ್ಲಿ ಕೂರುತ್ತಾರೆ. ಕಲಿಯಲು ಬಂದ ಹುಡುಗಿಯರ ಮುಂದೆ ನಾನು ಅವರ ಮುಖ ನೋಡಿಕೊಂಡು ನಿಮ್ಮ ಮಗಳು ನನಗೆ ಇಷ್ಟ ಎಂದು ಕನ್ನಡದಲ್ಲಿ ಹೇಳಬೇಕು. ನೆನೆಸಿಕೊಂಡೇ ಬೆವರಿದೆ. ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೋದಾಗ ಇನ್‌ಸ್ಟಿಟ್ಯೂಟ್ ಖಾಲಿ. ನಾಲ್ಕನೆಯ ನಂಬರಿನ ಮಿಷನ್ನಿಗೆ ಹಾಳೆ ತೂರಿಸಿದೆ.

ಮೂರು ವರ್ಷ ಬರೀ ಅರ್ಜಿಯನ್ನೇ ಹೊಡೆದ ಕೈ. ನನ್ನ ಮನಸ್ಸಿನಲ್ಲಿ ಗಿರಿಜಾ ಇದ್ದಳು, ಬೆರಳಿನಲ್ಲಿ ಅರ್ಜಿ ಇತ್ತು. ಮನೆ, ಆತಿಥ್ಯ, ಮಗಳು ಮೂರನ್ನೂ ಹೊಗಳುವ ಒಂದು ವಾಕ್ಯದಲ್ಲಿ 'ಯುವರ್ ಹೌಸ್, ಯುವರ್ ಹಾಸ್ಪಿಟಾಲಿಟಿ ಅಂಡ್' ಎಂದ ತಕ್ಷಣ ಬೆರಳು ತಾನಾಗಿ ಇನ್ನೊಂದು 'ಯುವರ್' ಹೊಡೆಯಿತು. ನನಗೆ ಸಿಟ್ಟು ಬಂತು. ನನ್ನ ಪ್ರೇಮಪತ್ರದಲ್ಲೂ ಸಾಹೇಬರೇ ಬಂದು ಕೂರಬೇಕೆ? ಅದರ ಮೇಲೆ ಎಕ್ಸ್ ಎಕ್ಸ್ ಎಂದು ನಾಲ್ಕು ಸಲ ಜೋರಾಗಿ ಕುಟ್ಟಿ ಮುಚ್ಚಿ, ಮುಂದೆ 'ಡಾಟರ್' ಎಂದು ಹೊಡೆದೆ. ಅವರು ಬರುವಷ್ಟರಲ್ಲಿ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿಯೂ ಬಂದೆ. ಗೆದ್ದೆ ಎನ್ನಿಸಿತು.

ಎಂಟು ದಿನಕ್ಕೆ ಅಪ್ಪ ಗುಬ್ಬಿಯಿಂದ ಬಸ್ಸು ಹತ್ತಿ ನೇರ ಇನ್‌ಸ್ಟಿಟ್ಯೂಟಿಗೇ ಬಂದರು. ಕೈಯಲ್ಲಿ ಪಂಚಾಕ್ಷರಯ್ಯನವರ ಕಾರ್ಡಿತ್ತು. 'ತಮ್ಮ ಚಿರಂಜೀವಿಯ ಪತ್ರ ತಲುಪಿತು. ನಮ್ಮ ಹುಡುಗಿಯ ವಿಷಯದಲ್ಲಿ ಒಂದು ಮಾತನ್ನು ಬರೆದು ಹೊಡೆದು ಹಾಕಿದ್ದಾರೆ. ಆ ಮಾತು ಏನೆಂದು ಹುಡುಗಿ ಊಹಿಸಿದ್ದಾಳೆ. ಈ ಸಂಬಂಧವನ್ನು ಇಲ್ಲಿಗೇ ಬಿಡೋಣ.'

"ಏನ್ ಬರೆದಿದ್ಯೋ ನನ್ ಮಗನೆ?" ಎಂದು ಅಪ್ಪ ಕೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತನ್ನು ನಾನೇ ಕೈಯಾರೆ ಚೆಲ್ಲಿದ್ದೆ. ಎಲ್ಲವನ್ನೂ ಸಾಹೇಬರ ಎದುರಿಗೇ ಒಪ್ಪಿಕೊಂಡೆ. ಅವರು ಬಯ್ಯುತ್ತಾರೆ ಎಂದುಕೊಂಡೆ. ಅವರು ಗೋಡೆಯ ಮೊಳೆಯಿಂದ ಟೋಪಿ ತೆಗೆದು ಹಾಕಿಕೊಂಡರು.

"ಕುಣಿಗಲ್ ಬಸ್ಸು ಎಷ್ಟೊತ್ತಿಗೈತೆ?"

"ಇನ್ನೊಂದು ಕಾಗದ ಬರೆದರೆ ಸಾಹೇಬ್ರೆ, ಎಲ್ಲಾ ವಿವರವಾಗಿ..."

"ಕಾಲಲ್ಲಿ ಹೋಗೋ ಕಡೆ ಕಾಗದ ಕಳಿಸ್ಬಾರ್ದು ಕಣಪ್ಪ ಬಿಯೇ. ನಡಿ."

ಅಪ್ಪನಿಗೆ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲು ಮುಖವಿರಲಿಲ್ಲ. ನಾವಿಬ್ಬರೇ ಹೊರಟೆವು. ಬಸ್ಸು ಗೂಳೂರು ದಾಟಿತು. ಸಾಹೇಬರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು.

"ನಸೀಮಾ ನಾನು ಹುಟ್ಟಿಸಿದ ಮಗಳಲ್ಲ. ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಶಾಲೆ ಬಿಟ್ಟ ಕೂಡಲೆ ಇನ್‌ಸ್ಟಿಟ್ಯೂಟಿಗೆ ಬಂದು ಏಳನೆಯ ಮಿಷನ್ನಿನ ಮುಂದೆ ಕೂರುತ್ತಿದ್ದ ಹುಡುಗಿ ಅದು. ಮೂಗು, ಸಿಟ್ಟು ಎರಡೂ ಸಾಹೇಬರದೇ.

"ನನ್ ತಂಗೀದು. ತಂಗಿ ಹೋದ್ಲು, ಮಗು ನಮ್ಮನೆಗೆ ಬಂತು. ರೇಷನ್ ಕಾರ್ಡಿಗೆ ಹೆಸರು ಸೇರ್ಸೋಕೆ ಒಬ್ರ ಕೈಲಿ ಅರ್ಜಿ ಬರೆಸ್ದೆ. ಆಗ ನನಗೆ ಇಂಗ್ಲಿಷ್ ಇನ್ನೂ ಅಷ್ಟು ಬರ್ತಿರ್ಲಿಲ್ಲ. 'ಮೈ ವೈಫ್ ಅಂಡ್ ಎ ಗರ್ಲ್ ಚೈಲ್ಡ್' ಅಂತ ಬರೆದಿದ್ರು. ಕಚೇರೀಲಿ ಗುಮಾಸ್ತ ಕೇಳ್ದ, ಹೆಂಡ್ತಿ ನಿಮ್ಮೋರು ಸರಿ, ಮಗು ಯಾರ್ದು ಅಂತ. ಅವನದ್ದೇನೂ ತಪ್ಪಿಲ್ಲ, ಕಾಗದ ನೋಡಿ ಕೇಳ್ದ. ಆದ್ರೆ ಮಗು ನನ್ ಬೆರಳು ಹಿಡ್ಕೊಂಡು ಪಕ್ಕದಲ್ಲೇ ನಿಂತಿತ್ತು. ಐದು ವರ್ಷ ಅದಕ್ಕೆ. ಮನೆಗೆ ಬಂದು ನನ್ ಹೆಂಡ್ತೀನ ಕೇಳ್ತು, ಅಮ್ಮಿ, ನಾನು ಯಾರ್ದು ಅಂತ."

ಸಾಹೇಬರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಮಾರನೇ ದಿನ ನಾನೇ ಬರೆದೆ. 'ಮೈ ವೈಫ್ ಅಂಡ್ ಮೈ ಡಾಟರ್.' ಅವತ್ತಿಂದ ಈ ಚಾಳಿ. ನೀವೆಲ್ಲ ಏನಂತ ಕರೀತೀರ ಅಂತ ನನಗೆ ಗೊತ್ತು ಬಿಡು."

ನನಗೆ ಬಸ್ಸಿನಿಂದ ಹಾರಿಬಿಡೋಣ ಅನ್ನಿಸಿತು. ಹಾರುವಷ್ಟು ವೇಗದಲ್ಲಿ ಆ ಬಸ್ಸು ಹೋಗುತ್ತಿರಲಿಲ್ಲ, ಹಾರಿದ್ದರೂ ಏನೂ ಆಗುತ್ತಿರಲಿಲ್ಲ.

ಪಂಚಾಕ್ಷರಯ್ಯನವರು ಜಗಲಿಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿದ ಕೂಡಲೆ ಮುಖ ಬಿಗಿಯಾಯಿತು. ಸಾಹೇಬರ ಕಡೆ ತಿರುಗಿ, "ತಾವು ಹುಡುಗನ ಕಡೆಯವರೋ?" ಎಂದರು.

"ನಾನು ಕಾಗದದ ಕಡೆಯವನು ಸ್ವಾಮಿ. ಅದು ಹೊರಟಿದ್ದು ನನ್ನ ಮಿಷನ್ನಿಂದ. ನಾನು ಕೇಳಿಸ್ಕೊಳ್ದೆ ಹೋಗ್ಬಿಟ್ಟಿದೆ. ತಾವು ದೊಡ್ಡ ಮನಸ್ಸು ಮಾಡಿ ಅದನ್ನ ಇವನ ಕೈಲಿ ಒಂದ್ಸಲ ಕನ್ನಡದಲ್ಲಿ ಓದಿಸ್ಬೇಕು. ನಮ್ಮಲ್ಲಿ ನಾನು ಕಾಗದ ಹೋಗೋ ಪಾರ್ಟಿ ಥರ ಕೂತ್ಕೊಂಡು ಕೇಳ್ತೀನಿ. ಇವತ್ತು ಅಸಲಿ ಪಾರ್ಟೀನೇ ಇದ್ದೀರಿ."

ಹೆಡ್‌ಮಾಸ್ತರರಾಗಿದ್ದವರು, ಗಟ್ಟಿಯಾಗಿ ಓದಿಸುವುದರಲ್ಲಿ ನಂಬಿಕೆಯಿದ್ದವರು. ಒಪ್ಪಿದರು. ಕಾಗದ ಬಂತು. ನಾನು ಅಂಗಳದಲ್ಲಿ ನಿಂತು, ನನ್ನದೇ ಇಂಗ್ಲಿಷನ್ನು ಕನ್ನಡದಲ್ಲಿ ಓದತೊಡಗಿದೆ.

"ಮಾನ್ಯರೇ, ಕಳೆದ ಭಾನುವಾರ ತಮ್ಮ ನಿವಾಸದಲ್ಲಿ ನಡೆದ ಸಂದರ್ಶನಕ್ಕೆ ಸಂಬಂಧಿಸಿದಂತೆ ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ..."

ಬಾಗಿಲ ಹಿಂದೆ ಬಳೆ ಸದ್ದಾಯಿತು.

"ತಮ್ಮ ಮನೆ, ತಮ್ಮ ಆತಿಥ್ಯ ಮತ್ತು ಮಗಳು, ಮೂರೂ ತೃಪ್ತಿಕರವಾಗಿವೆ. ತಾವು ನಿಗದಿಪಡಿಸಿದ ದಿನಾಂಕದಂದು ಕರ್ತವ್ಯಕ್ಕೆ ಹಾಜರಾಗಲು ಸಿದ್ಧನಿದ್ದೇನೆ. ಇಂತಿ ತಮ್ಮ ಅತ್ಯಂತ ವಿಧೇಯ ಸೇವಕ."

ಇಂಗ್ಲಿಷಿನಲ್ಲಿ ಬಹಳ ಗಂಭೀರವಾಗಿದ್ದ ಕಾಗದ ಅದು. ನನ್ನ ಕಿವಿಗೆ ಅದು ಕೇಳಿಸಿದ್ದು ಅವತ್ತೇ ಮೊದಲು. ಸಾಹೇಬರು ಹಣೆ ಹಿಡಿದುಕೊಂಡಿದ್ದರು. ಪಂಚಾಕ್ಷರಯ್ಯನವರ ಮೀಸೆ ಒಂದು ಕ್ಷಣ ಅಲುಗಿದ ಹಾಗಾಯಿತು. ಆದರೆ ಗಿರಿಜಾ ನಗಲಿಲ್ಲ. ಬಾಗಿಲು ದಾಟಿ ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡು 'ಡಾಟರ್' ಎಂಬುದರ ಹಿಂದಿನ ಕಪ್ಪು ಕಲೆಯ ಮೇಲೆ ಬೆರಳಿಟ್ಟಳು.

"ಇದನ್ನ ಯಾಕೆ ಓದ್ಲಿಲ್ಲ? ನಾಲ್ಕು ಅಕ್ಷರ ಇದೆ. 'ಡಾರ್ಕ್' ಅಂತ ತಾನೇ ಬರೆದು ಹೊಡೆದು ಹಾಕಿರೋದು?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಕೆ ಕಪ್ಪು ಬಣ್ಣದವಳು. ನನಗೆ ಅದು ಹೊಳೆದೇ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ?

"ಹಿಂದೆ ಬಂದ ಒಬ್ಬರು ಕಾರ್ಡಲ್ಲೇ ಬರೆದಿದ್ರು, ಹುಡುಗಿ ಬಣ್ಣ ಕಡಿಮೆ ಅಂತ. ಪೋಸ್ಟ್‌ಮ್ಯಾನ್ ಓದಿದ, ಬೀದಿಯೋರು ಓದಿದ್ರು, ಆಮೇಲೆ ನಾನು ಓದ್ದೆ. ಅವರೇ ವಾಸಿ, ಬರೆದಿದ್ದನ್ನ ಮುಚ್ಚಿರ್ಲಿಲ್ಲ."

"ಅದು 'ಯುವರ್' ಅಂತ..." ಎಂದೆ. ನನ್ನ ದನಿ ನನಗೇ ಸುಳ್ಳಿನ ಹಾಗೆ ಕೇಳಿಸಿತು.

ಆಗ ಸಾಹೇಬರು ಎದ್ದರು. "ಕೊಡಮ್ಮ ಇಲ್ಲಿ" ಎಂದು ಹಾಳೆಯನ್ನು ಬಿಸಿಲಿಗೆ ಹಿಡಿದರು. "ಹತ್ರ ಬಾ ತಾಯಿ. ನಾನು ಹೇಳೋದನ್ನ ನಂಬಬೇಡ, ನೀನೇ ನೋಡು. ಎಕ್ಸ್ ಅನ್ನೋದು ಗಿಡ್ಡ ಅಕ್ಷರ. ತನ್ನಷ್ಟು ಎತ್ತರದ್ದನ್ನ ಮಾತ್ರ ಮುಚ್ಚುತ್ತೆ. 'ಡಾರ್ಕ್' ಆಗಿದ್ರೆ ಮೊದಲನೇ 'ಡಿ'ದು, ಕೊನೇ 'ಕೆ'ದು ಎರಡು ಕೊಂಬು ಮೇಲೆ ಕಾಣ್ಬೇಕು. ಕಾಣುತ್ತಾ?"

ಗಿರಿಜಾ ಕಣ್ಣು ಕಿರಿದು ಮಾಡಿ ನೋಡಿದಳು. "ಇಲ್ಲ."

"ಕೆಳಗಡೆ ನೋಡು. ಮೊದಲನೇ ಅಕ್ಷರಕ್ಕೆ ಒಂದು ಬಾಲ ಇಳಿದಿದೆ. 'ವೈ'ದು ಅದು. ಇವನು ನಾಲ್ಕು ಸಲ ಕುಟ್ಟಿದಾನೆ, ಆದ್ರೂ ಬಾಲ ಮುಚ್ಚಿಲ್ಲ."

ಪಂಚಾಕ್ಷರಯ್ಯನವರೂ ಎದ್ದು ಬಂದು ಕನ್ನಡಕ ಏರಿಸಿ ನೋಡಿದರು. ಮೂವರು ನನ್ನ ಕಾಗದವನ್ನು ಬಿಸಿಲಿಗೆ ಹಿಡಿದು ಬಾಲ ಹುಡುಕುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬೆವರುತ್ತಿದ್ದೆ. ಕಡೆಗೆ ಗಿರಿಜಾ ತಲೆ ಎತ್ತಿದಳು.

"ಸರಿ, 'ಯುವರ್' ಅಂತಾನೇ ಇದೆ. ಅಷ್ಟು ಚೆನ್ನಾಗಿರೋದನ್ನ ಯಾಕೆ ಹೊಡೆದು ಹಾಕಿದ್ರಿ?"

ಇದ್ದದ್ದನ್ನೇ ಹೇಳಿದೆ. "ಸಾಹೇಬ್ರ ಮೇಲಿನ ಹಟಕ್ಕೆ. ಅವರು ಯಾವಾಗ್ಲೂ ಹಾಕು ಅಂತಾರೆ. ಕೈ ತಾನಾಗಿ ಹೊಡೀತು. ನನಗೆ ಬುದ್ಧಿ ಹೆಚ್ಚು ಅಂತ ಮುಚ್ಚಿದೆ."

ಗಿರಿಜಾ ಆ ದಿನ ಮೊದಲ ಸಲ ನಕ್ಕಳು. ಉಪ್ಪಿಟ್ಟಿನ ದಿನದ ಅದೇ ನಗು. "ಅಪ್ಪಾ, ಇವರ ಕೈ ಒಳ್ಳೇದು. ತಲೆ ಸಮಾಚಾರ ನಾನು ನೋಡ್ಕೋತೀನಿ" ಎಂದು ಒಳಗೆ ಹೋದಳು.

ಸಾಹೇಬರು ಜಗಲಿಯ ಮೇಲೆ ಕುಳಿತು ಟೋಪಿ ತೆಗೆದು ಗಾಳಿ ಹಾಕಿಕೊಂಡರು. "ಸಾಕು. ಟೈಪ್ ಮಾಡ್ಬೋದು" ಎಂದರು. ಹಿಂದಿರುಗುವ ಬಸ್ಸಿನಲ್ಲಿ ಅವರು ನಿದ್ದೆ ಹೋದರು, ನಾನು ಕುಣಿಗಲ್ಲಿನಿಂದ ತುಮಕೂರಿನವರೆಗೆ ಹಲ್ಲು ಕಿರಿದುಕೊಂಡೇ ಕುಳಿತಿದ್ದೆ. ನಮ್ಮ ಲಗ್ನಪತ್ರಿಕೆಯ ಇಂಗ್ಲಿಷ್ ಭಾಗವನ್ನು ಅವರು ಕುರ್ಚಿಯಲ್ಲಿ ಕುಳಿತು ಮೂರು ಸಲ ಓದಿಸಿದರು. ನಾನು ಒಂದು ಮಾತೂ ಎದುರಾಡಲಿಲ್ಲ.

ಅಂದಿನಿಂದ ಗಿರಿಜಾ ನನ್ನ ತಲೆಯನ್ನು ನೋಡಿಕೊಳ್ಳುತ್ತಿದ್ದಾಳೆ. ಕೆಲಸ ಹೆಚ್ಚು, ಫಲ ಕಡಿಮೆ ಎಂದು ಅವಳ ದೂರು. ನಾವು ಗುಬ್ಬಿಯಲ್ಲೇ ನೆಲೆಯಾದೆವು. ತುಮಕೂರಿಗೆ ಹೋದಾಗಲೆಲ್ಲ ಬೆಲ್ಲದ ಅಂಗಡಿಯ ಮೆಟ್ಟಿಲು ಹತ್ತಿ ಬರುತ್ತಿದ್ದೆ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಸಾಹೇಬರ ಕಣ್ಣಿಗೆ ಪೊರೆ ಬಂದಿತ್ತು. ನಸೀಮಾ ಇನ್‌ಸ್ಟಿಟ್ಯೂಟ್ ನೋಡಿಕೊಳ್ಳುತ್ತಿದ್ದಳು. ಅವರು ಮಾತ್ರ ಕುರ್ಚಿ ಬಿಟ್ಟಿರಲಿಲ್ಲ. ಕೊನೆಯ ಸಲ ಹೋದಾಗ ನನ್ನ ಹೆಜ್ಜೆಯ ಸದ್ದಿಗೇ, "ಏನಪ್ಪಾ ಬಿಯೇ, ಗಿರಿಜಮ್ಮ ಹೇಗಿದಾರೆ?" ಎಂದರು. "ನಾನೂ ಮಕ್ಕಳೂ ಚೆನ್ನಾಗಿದೀವಿ ಸಾಹೇಬ್ರೆ" ಎಂದೆ. "ನಿನ್ನ ಯಾರ್ ಕೇಳಿದ್ರು?" ಎಂದು ನಕ್ಕರು. ಹೊರಡುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಒಳ್ಳೇ ಕೈ" ಎಂದರು.

ಅವರು ಹೋದ ಸುದ್ದಿ ನಮಗೆ ಸಿಕ್ಕಿದ್ದು ನಾಲ್ಕು ದಿನ ತಡವಾಗಿ. ಮಂಡಿಪೇಟೆಯಿಂದ ಗುಬ್ಬಿಗೆ ಬಂದ ಒಬ್ಬರು ಹೇಳಿದರು. ಮಣ್ಣಿಗೂ ಹೋಗಲಿಲ್ಲವಲ್ಲ ಎಂದು ನನಗೆ ಆದ ದುಃಖವನ್ನು ಯಾವ ಭಾಷೆಯಲ್ಲೂ ಹೇಳಲಾರೆ. ಹಾಗಿದ್ದರೂ ನಾನು ಮಾಡಿದ್ದೇನು? ಸ್ಕೂಲಿನ ಮಿಷನ್ನಿನ ಮುಂದೆ ಕುಳಿತು, ಅವರ ಹೆಂಡತಿ ಫಾತಿಮಮ್ಮನವರಿಗೂ ನಸೀಮಾಗೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ಸಂತಾಪದ ಕಾಗದ ಬರೆಯತೊಡಗಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಅರ್ಧಕ್ಕೇ ನಿಂತ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಗಿರಿಜಾ ಅದನ್ನು ನೋಡಿ ಸೀರೆ ಬದಲಾಯಿಸಿ ಬಂದಳು.

"ಕಾಲಲ್ಲಿ ಹೋಗೋ ಕಡೆ ಕಾಗದ ಯಾಕ್ರೀ? ನಡೀರಿ."

ಇನ್‌ಸ್ಟಿಟ್ಯೂಟಿನಲ್ಲಿ ಏಳೂ ಮಿಷನ್ನುಗಳಿಗೆ ಮುಸುಕು ಹಾಕಿತ್ತು. ಫಾತಿಮಮ್ಮನವರು ಚಾಪೆಯ ಮೇಲೆ ಕುಳಿತಿದ್ದರು. ಗಿರಿಜಾ ಹೋಗಿ ಅವರ ಪಕ್ಕದಲ್ಲಿ ಕುಳಿತಳು. ನಾನು ಜೇಬಿನಿಂದ ಹಾಳೆ ತೆಗೆದು ನಸೀಮಾಗೆ ಚಾಚಿದೆ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಗೋಡೆಗೆ ತಿರುಗಿಸಿಟ್ಟಿದ್ದ ಬೆತ್ತದ ಕುರ್ಚಿಯನ್ನು ಈ ಕಡೆ ಎಳೆದು ಅದರಲ್ಲಿ ಕುಳಿತಳು. ಮೂಗೂ ಅವರದೇ, ಕೂರುವ ಗತ್ತೂ ಅವರದೇ.

"ಓದಿ ಅಣ್ಣ. ಕನ್ನಡದಲ್ಲಿ."

ನಾನು ಎದುರಿಗೆ ನಿಂತು, ಅವಳ ಮುಖ ನೋಡಿಕೊಂಡು ಓದಿದೆ.

"ಫಾತಿಮಮ್ಮನವರೇ, ನಸೀಮಾ, ನಮ್ಮನ್ನು ಬಿಟ್ಟು ಹೋದವರು ನಿಮ್ಮ ಯಜಮಾನರು, ಮತ್ತು ನಿನ್ನ ತಂದೆ, ಮತ್ತು ನನ್ನ..."

ಹಾಳೆಯಲ್ಲಿ ಮುಂದೆ ಏನೂ ಇರಲಿಲ್ಲ. ಸ್ಕೂಲಿನಲ್ಲಿ ಒಂದು ಗಂಟೆ ಕುಳಿತು ಹುಡುಕಿದ್ದೆ. ಗುರು, ಧಣಿ, ಹಿತೈಷಿ, ಎಲ್ಲ ಹೊಡೆದು ನೋಡಿ ಹಾಳೆ ಮೇಲೆ ಹಾಳೆ ಹರಿದು ಹಾಕಿದ್ದೆ. ಯಾವುದೂ ಅವರಷ್ಟಾಗಲಿಲ್ಲ. ಬೆಲ್ಲದ ವಾಸನೆಯ ಆ ಕೋಣೆಯಲ್ಲಿ ನಾನು ಹಾಳೆ ಹಿಡಿದುಕೊಂಡು ಅಳುತ್ತ ನಿಂತಿದ್ದೆ.

ನಸೀಮಾ ಕಣ್ಣೊರೆಸಿಕೊಂಡು ಎದ್ದು, ನಾಲ್ಕನೆಯ ನಂಬರಿನ ಮಿಷನ್ನಿನ ಮುಸುಕು ತೆಗೆದಳು.

"ಸಾಕು ಅಣ್ಣ," ಎಂದಳು. "ಟೈಪ್ ಮಾಡ್ಬೋದು."